ಒಂದೇ ಮನೆ, ಮೂರು ಥರದ ಕೀಲು ನೋವು

ನನ್ನ ಕಾಯಿಲೆಗೆ ಹೆಸರು ಸಿಗುವ ಮೊದಲೇ ಮಾತ್ರೆ ಸಿಕ್ಕಿತ್ತು. ಹೆಸರು ಸಿಗಲು ಆಮೇಲೆ ಹತ್ತಿರ ಹತ್ತಿರ ಒಂದು ವರ್ಷ ಹಿಡಿಯಿತು. ನಮ್ಮ ಮನೆಯಲ್ಲಿ ಅತ್ತೆಗೆ ಮಂಡಿ ನೋವು, ಮೈದುನನಿಗೆ ಆಗಾಗ ಕಾಲಿನ ಹೆಬ್ಬೆರಳು ನೋವು, ನನಗೆ ಕೈ ನೋವು. ಮೂವರಿಗೂ ಒಂದೇ ಮುಲಾಮು, ಒಂದೇ ಥರದ ಇಂಜೆಕ್ಷನ್. ಕೇಳಿದರೆ ‘ವಾಯು’ ಅನ್ನುತ್ತಿದ್ದರು. ಮೂರೂ ಬೇರೆ ಬೇರೆ ಕಾಯಿಲೆ, ಒಂದರ ಔಷಧಿ ಇನ್ನೊಂದಕ್ಕೆ ಕೆಲಸಕ್ಕೆ ಬರುವುದಿಲ್ಲ ಅಂತ ಯಾರೂ ಹೇಳಿರಲಿಲ್ಲ.

ನಾನು ಮಂಡ್ಯದಲ್ಲಿ ಟೈಲರ್. ಪೇಟೆ ಬೀದಿಯಿಂದ ಒಂದು ಅಡ್ಡರಸ್ತೆ ಒಳಗೆ ಸಣ್ಣ ಅಂಗಡಿ. ಬ್ಲೌಸು, ಚೂಡಿದಾರ್, ಸೀರೆಗೆ ಫಾಲ್, ಕುಚ್ಚು ಇಷ್ಟೇ ಕೆಲಸ. ಆಷಾಢದಲ್ಲಿ ಕೈ ಖಾಲಿ, ಶ್ರಾವಣ ಬಂದರೆ ಉಸಿರಾಡಲು ಪುರುಸೊತ್ತಿಲ್ಲ. ನೋವು ಶುರುವಾಗಿದ್ದು ಅಂಥ ಒಂದು ಶ್ರಾವಣದಲ್ಲೇ. ಹಾಗಾಗಿ ಕೆಲಸ ಜಾಸ್ತಿಯಾಗಿ ಬಂದಿದ್ದು ಅಂತ ಎಲ್ಲರೂ ತೀರ್ಮಾನ ಮಾಡಿದರು.

ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಪೇಸ್ಟಿನ ಮುಚ್ಚಳ ತಿರುಗಿಸಲು ಗಂಡನನ್ನು ಕರೆಯಬೇಕಿತ್ತು. ಮುದ್ದೆ ಕೋಲು ಹಿಡಿದು ತಿರುವುವ ಮಾತೇ ಇಲ್ಲ. ಮಕ್ಕಳು ಸ್ಕೂಲಿಗೆ ಹೋಗಿ, ಪಾತ್ರೆ ತೊಳೆದು, ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಸ್ವಲ್ಪ ಸಡಿಲ ಆಗುತ್ತಿತ್ತು. ಎರಡೂ ಕೈಗೂ ಹೀಗೇ. ಬೆರಳಿನ ಬುಡದ ಗೆಣ್ಣು, ನಡುವಿನ ಗೆಣ್ಣು ಊದಿಕೊಂಡಿದ್ದವು, ಮುಟ್ಟಿದರೆ ಬಿಸಿ. ಉಗುರಿನ ಹತ್ತಿರದ ತುದಿ ಗೆಣ್ಣು ಮಾತ್ರ ಚೆನ್ನಾಗಿಯೇ ಇತ್ತು. ಈ ವಿವರಗಳನ್ನು ಯಾರಿಗಾದರೂ ಹೇಳಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಅತ್ತೆ ಮಾತ್ರ ದಿನಾ ನೋಡುತ್ತಿದ್ದರು. ‘ನಮ್ ಕಾಲ್ದಲ್ಲಿ ಹೊತ್ತುಟ್ಟೋಕ್ ಮುಂಚೆ ಎದ್ದು ರಾಗಿ ಬೀಸ್ತಿದ್ದೋ. ಯಾರ್ಗೂ ಇಂಗಾಗ್ನಿಲ್ಲ ಕಣವ್ವ. ತಣ್ಣೀರ್ನಲ್ಲಿ ಕೈ ಆಡುಸ್ಬೇಡ’ ಅನ್ನುತ್ತಿದ್ದರು. ಅಮೃತಬಳ್ಳಿ ಕಷಾಯ ಕಾಯಿಸಿ ಕೊಡುತ್ತಿದ್ದರು. ಅವರ ಪ್ರೀತಿ ದೊಡ್ಡದು, ಬೇಡ ಅನ್ನುವುದು ಹೇಗೆ?

ಮನೆ ಹತ್ತಿರ ಒಂದು ಕ್ಲಿನಿಕ್ಕಿತ್ತು. ಸೊಂಟಕ್ಕೆ ಒಂದು ಇಂಜೆಕ್ಷನ್, ಜೊತೆಗೆ ಕಾಗದದ ಪೊಟ್ಟಣದಲ್ಲಿ ಬಿಡಿ ಮಾತ್ರೆ. ಹೆಸರಿಲ್ಲ, ಚೀಟಿಯಿಲ್ಲ. ಆದರೆ ಹೇಳಲೇಬೇಕು, ಮಾರನೇ ದಿನ ಕೈ ಹೂವಿನಷ್ಟು ಹಗುರ. ಕತ್ತರಿ ಸಲೀಸಾಗಿ ಓಡುತ್ತಿತ್ತು. ಮಾತ್ರೆ ಮುಗಿದ ಕೂಡಲೇ ನೋವು ಮೊದಲಿಗಿಂತ ಜೋರಾಗಿ ವಾಪಸ್. ಮತ್ತೆ ಪೊಟ್ಟಣ. ಹೀಗೇ ತಿಂಗಳುಗಳು ಕಳೆದವು. ಮುಖ ದುಂಡಗಾಯಿತು. ‘ಏನ್ರೀ, ಚೆನ್ನಾಗಿ ಊಟ ಮಾಡ್ತಾ ಇದೀರ, ಲಕ್ಷಣವಾಗಿದೀರ’ ಅಂತ ಗಿರಾಕಿಗಳು ಹೊಗಳಿದರು.

ನಡುವೆ ಒಂದು ಸಲ ರಕ್ತ ಪರೀಕ್ಷೆಯೂ ಆಯಿತು. ಕೀಲಿನ ಉರಿಯೂತದ ಕಾಯಿಲೆ ಇದೆಯಾ ಅಂತ ನೋಡುವ ಆರ್.ಎ. ಫ್ಯಾಕ್ಟರ್ ನೆಗೆಟಿವ್, ಯೂರಿಕ್ ಆಸಿಡ್ ನಾರ್ಮಲ್. ‘ರಕ್ತದಲ್ಲಿ ಏನೂ ಇಲ್ಲ, ಕ್ಯಾಲ್ಸಿಯಂ ತಗೊಳ್ಳಿ’ ಅಂದರು. ಅದೇ ರಿಪೋರ್ಟಿನಲ್ಲಿ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎರಡೂ ಜಾಸ್ತಿ ಇತ್ತು. ದೇಹದಲ್ಲಿ ಎಲ್ಲೋ ಉರಿಯೂತ ನಡೆಯುತ್ತಿದೆ ಅಂತ ಹೇಳುವ ಸಂಖ್ಯೆಗಳು ಅವು. ಅವುಗಳ ಮುಂದೆ ಲ್ಯಾಬಿನವರು ದಪ್ಪಕ್ಷರದಲ್ಲಿ ಗುರುತು ಹಾಕಿದ್ದರೂ ಯಾರೂ ಅದರ ಬಗ್ಗೆ ಮಾತಾಡಲಿಲ್ಲ.

ದಾರಿ ತೋರಿಸಿದ್ದು ಮಂಡ್ಯದಲ್ಲೇ ಒಬ್ಬ ಮೂಳೆ ಡಾಕ್ಟರು. ಅವರ ಹತ್ತಿರ ಹೋಗಿದ್ದು ಅತ್ತೆಯ ಮಂಡಿಗೆ. ಎಕ್ಸ್-ರೇ ಹಿಡಿದು ಕೊಡುವಾಗ ಅವರ ಕಣ್ಣು ನನ್ನ ಬೆರಳ ಮೇಲೆ ಬಿತ್ತು. ‘ಇದೇನಮ್ಮ, ಎಷ್ಟು ದಿನದಿಂದ?’ ಅಂದರು. ಹೇಳಿದೆ. ‘ನಿಮ್ಮತ್ತೆಯವರದು ಸವೆತ. ನಿಮ್ಮದು ಸವೆತ ಅಲ್ಲ, ನಾನು ನೋಡುವ ಕಾಯಿಲೆಯೂ ಅಲ್ಲ. ರುಮಟಾಲಜಿಸ್ಟ್ ಹತ್ತಿರ ಹೋಗಿ, ಜಾಸ್ತಿ ತಡ ಮಾಡಬೇಡಿ.’ ಕೀಲಿನ ಉರಿಯೂತದ ಕಾಯಿಲೆಗಳನ್ನು ನೋಡುವ ಆ ಹೆಸರಿನ ಡಾಕ್ಟರು ಇರುತ್ತಾರೆ ಅಂತ ನನಗೆ ಗೊತ್ತಾಗಿದ್ದೇ ಆಗ. ಕೀಲು ನೋವು ಅಂದರೆ ಮೂಳೆ ಡಾಕ್ಟರು ಅಂತ ತಾನೇ ನಾವು ಅಂದುಕೊಂಡಿರುವುದು.

ಮೈಸೂರು ರೈಲಿನಲ್ಲಿ ಮಂಡ್ಯದಿಂದ ಒಂದು ಗಂಟೆಯ ಹಾದಿ. ಎಂದೂ ಭಾರ ಅನ್ನಿಸಿರಲಿಲ್ಲ. ಆ ದಿನ ಮಾತ್ರ ಬೋಗಿಯ ಕಂಬಿ ಹಿಡಿದು ಹತ್ತಲು ಆಗದೆ ಗಂಡ ಹಿಂದಿನಿಂದ ತಳ್ಳಬೇಕಾಯಿತು. ಪಾದದ ಮುಂಭಾಗವೂ ಊರಲು ಬರುತ್ತಿರಲಿಲ್ಲ. ಶ್ರೀರಂಗಪಟ್ಟಣದಲ್ಲಿ ಕಾವೇರಿ ಬಂದಾಗ ಎಲ್ಲರೂ ಚಿಲ್ಲರೆ ಎಸೆದು ಕೈ ಮುಗಿದರು. ನನಗೆ ಎರಡು ಅಂಗೈ ಪೂರ್ತಿ ಜೋಡಿಸಲು ಆಗಲಿಲ್ಲ.

ಡಾಕ್ಟರು ಹೆಂಗಸು. ರಿಪೋರ್ಟು ಮುಟ್ಟಲೇ ಇಲ್ಲ. ಮೊದಲು ಪ್ರಶ್ನೆ.

‘ಬೆಳಿಗ್ಗೆ ಎದ್ದ ಮೇಲೆ ಕೈ ಸಡಿಲ ಆಗೋಕೆ ಎಷ್ಟು ಹೊತ್ತು ಬೇಕು?’

‘ಅಂಗಡಿ ತೆಗೆಯೋವರೆಗೂ ಹಿಡ್ಕೊಂಡೇ ಇರುತ್ತೆ ಮೇಡಂ.’

‘ಒಂದು ಗಂಟೆ ಮೇಲೇನೇ ಅಲ್ವಾ? ಕೆಲಸ ಮಾಡಿದರೆ ಜಾಸ್ತಿ ಆಗುತ್ತಾ, ಸುಮ್ನೆ ಕೂತರೆ ಜಾಸ್ತಿ ಆಗುತ್ತಾ?’

ಸುಮ್ಮನೆ ಕೂತರೆ ಜಾಸ್ತಿ. ಇದನ್ನು ಹೇಳುವಾಗಲೇ ನನಗೆ ವಿಚಿತ್ರ ಅನ್ನಿಸಿತು. ಅತ್ತೆಗೆ ಪೂರ್ತಿ ಉಲ್ಟಾ. ಅವರಿಗೆ ಬೆಳಿಗ್ಗೆ ಹತ್ತು ನಿಮಿಷ ಬಿಗಿ, ಆಮೇಲೆ ಪರವಾಗಿಲ್ಲ, ಓಡಾಡಿ ಸಂಜೆಯಾದರೆ ನೋವು. ಮೆಟ್ಟಿಲು ಇಳಿಯುವಾಗ ಅಯ್ಯೋ ಅನ್ನುತ್ತಾರೆ.

ಪ್ರಶ್ನೆಗಳು ಮುಂದುವರಿದವು. ಬಾಯಲ್ಲಿ ಹುಣ್ಣು ಬರುತ್ತಾ? ಕೂದಲು ಉದುರುತ್ತಾ? ಬಿಸಿಲಿಗೆ ಹೋದರೆ ಮುಖದಲ್ಲಿ ಕೆಂಪು ಗುಳ್ಳೆ? ಕಣ್ಣು, ಬಾಯಿ ಒಣಗುತ್ತಾ? ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್? ಇತ್ತೀಚೆಗೆ ಚಿಕೂನ್‌ಗುನ್ಯಾ ಬಂದಿತ್ತಾ? ಕೊನೆಯದನ್ನು ಕೇಳಿದಾಗ ಗಂಡ ತಲೆ ಆಡಿಸಿದರು. 2006ರಲ್ಲಿ ಕರ್ನಾಟಕದ ತುಂಬಾ ಚಿಕೂನ್‌ಗುನ್ಯಾ ಹರಡಿದಾಗ ಅವರ ಊರಲ್ಲಿ ಮನೆಮನೆಯಲ್ಲೂ ಮಲಗಿದ್ದರು. ಜ್ವರ ಒಂದು ವಾರದಲ್ಲಿ ಬಿಟ್ಟರೂ ಕೆಲವರಿಗೆ ಕೀಲು ನೋವು ತಿಂಗಳುಗಟ್ಟಲೆ ಎಳೆದಿತ್ತಂತೆ. ಆ ನೋವೂ ಎರಡೂ ಕೈಗೆ ಬರುತ್ತದೆ, ಊತವೂ ಬರುತ್ತದೆ. ಅದಕ್ಕೇ ಡಾಕ್ಟರು ಕೇಳಿದ್ದು. ನನಗೆ ಜ್ವರವೇ ಬಂದಿರಲಿಲ್ಲ.

ಆಮೇಲೆ ಒಂದೊಂದೇ ಕೀಲನ್ನು ಒತ್ತಿ ನೋಡಿದರು. ಭುಜ, ಮೊಣಕೈ, ಮಣಿಕಟ್ಟು, ಎರಡೂ ಕೈಯ ಗೆಣ್ಣುಗಳು, ಮಂಡಿ. ಒಟ್ಟು 28 ಕೀಲುಗಳ ಲೆಕ್ಕವಂತೆ. ಎಷ್ಟು ಊದಿವೆ, ಎಷ್ಟು ನೋಯುತ್ತವೆ ಅಂತ ಬರೆದುಕೊಂಡು, ರಕ್ತದ ರಿಪೋರ್ಟಿನ ಜೊತೆ ಸೇರಿಸಿ ಒಂದು ಅಂಕ ತೆಗೆಯುತ್ತಾರೆ. ಮುಂದಿನ ಪ್ರತಿ ಸಲವೂ ಅದೇ ಲೆಕ್ಕ. ಬೆರಳ ಬುಡದ ಸಾಲನ್ನು ಕೈ ಕುಲುಕುವ ಹಾಗೆ ಹಿಡಿದು ಅಮುಕಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ಕಾಗದದ ಪೊಟ್ಟಣ ತೋರಿಸಿದೆ. ‘ಇದರಲ್ಲಿ ಸ್ಟೀರಾಯ್ಡ್ ಇರಬೇಕು, ಉರಿಯೂತವನ್ನು ಬೇಗ ಅಡಗಿಸುವ ಔಷಧಿ’ ಅಂದರು. ಮುಖದ ದುಂಡು ಅದರಿಂದಲೇ ಇರಬಹುದು, ಶುಗರ್ ಕೂಡ ನೋಡಬೇಕು ಅಂದರು. ನಾನು ಕೂಡಲೇ ಬಿಸಾಡುತ್ತೇನೆ ಅಂದೆ. ತಡೆದರು. ತಿಂಗಳುಗಟ್ಟಲೆ ಸ್ಟೀರಾಯ್ಡ್ ತಗೊಂಡರೆ ದೇಹ ತನ್ನದೇ ಸ್ಟೀರಾಯ್ಡ್ ತಯಾರಿಸುವುದನ್ನು ನಿಲ್ಲಿಸಿಬಿಡುತ್ತದೆ. ಥಟ್ಟನೆ ಬಿಟ್ಟರೆ ಬಿ.ಪಿ. ಕುಸಿದು ಪ್ರಾಣಕ್ಕೇ ಬರಬಹುದು. ಹೆಸರು, ಅಳತೆ ಗೊತ್ತಿರುವ ಮಾತ್ರೆಗೆ ಬದಲಾಯಿಸಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಹಾಗೇ ಇಳಿಸಿದರು. ಸ್ಟೀರಾಯ್ಡ್ ಕೆಟ್ಟದ್ದು ಅಂತ ಅವರು ಹೇಳಲಿಲ್ಲ. ಲೆಕ್ಕವಿಲ್ಲದೆ, ಹೆಸರಿಲ್ಲದೆ ಕೊಡುವುದು ಕೆಟ್ಟದ್ದು.

ಆ್ಯಂಟಿ ಸಿ.ಸಿ.ಪಿ. ಅನ್ನುವ ಇನ್ನೊಂದು ರಕ್ತ ಪರೀಕ್ಷೆ ಬರೆದರು. ಅದು ಪಾಸಿಟಿವ್ ಬಂತು. ಕಾಯಿಲೆಗೆ ಹೆಸರು ಸಿಕ್ಕಿತು: ರುಮಟಾಯ್ಡ್ ಆರ್ತ್ರೈಟಿಸ್, ಚಿಕ್ಕದಾಗಿ ಆರ್.ಎ. ‘ಮತ್ತೆ ಆರ್.ಎ. ನೆಗೆಟಿವ್ ಅಂತ ಬಂದಿತ್ತಲ್ಲ ಮೇಡಂ?’ ಅಂದೆ. ಈ ಕಾಯಿಲೆ ಇರುವ ಹತ್ತರಲ್ಲಿ ಎರಡು ಮೂರು ಜನಕ್ಕೆ ಆರ್.ಎ. ಫ್ಯಾಕ್ಟರ್ ನೆಗೆಟಿವ್ ಇರುತ್ತದಂತೆ. ಕಾಯಿಲೆಯೇ ಇಲ್ಲದ ಕೆಲವರಿಗೆ ಪಾಸಿಟಿವ್ ಬರುತ್ತದಂತೆ. ಪರೀಕ್ಷೆಯ ಹೆಸರೂ ಕಾಯಿಲೆಯ ಹೆಸರೂ ಒಂದೇ ಆಗಿರುವುದರಿಂದ ಎಷ್ಟು ಜನ ನನ್ನ ಹಾಗೆ ಕ್ಯಾಲ್ಸಿಯಂ ತಿಂದುಕೊಂಡು ಕೂತಿದ್ದಾರೋ.

ನಾನು ಟೈಲರ್ ಅಂತ ಗೊತ್ತಾದ ಮೇಲೆ ಡಾಕ್ಟರು ಹೇಳಿದ್ದು ಹೀಗೆ. ಬ್ಲೌಸಿಗೆ ಒಳಗೆ ಲೈನಿಂಗ್ ಕೊಡುತ್ತೀರಲ್ಲ, ಕೀಲಿನ ಒಳಗೂ ಅಂಥದ್ದೊಂದು ತೆಳು ಪದರ ಇದೆ. ರೋಗದ ವಿರುದ್ಧ ಹೋರಾಡಬೇಕಾದ ದೇಹದ ಶಕ್ತಿ ತಪ್ಪಾಗಿ ಈ ಪದರದ ಮೇಲೆ ಬಿದ್ದಿದೆ. ಪದರ ಊದಿ ದಪ್ಪವಾಗುತ್ತದೆ. ಹಾಗೇ ಬಿಟ್ಟರೆ ಪಕ್ಕದ ಮೃದ್ವಸ್ಥಿಯನ್ನು (ಮೂಳೆಯ ತುದಿಯ ನುಣುಪು ಹೊದಿಕೆ), ಮೂಳೆಯನ್ನು ತಿನ್ನುತ್ತಾ ಹೋಗುತ್ತದೆ. ಹಾಗೆ ತಿಂದದ್ದು ಮತ್ತೆ ಬೆಳೆಯುವುದಿಲ್ಲ. ನೋವಿನ ಮಾತ್ರೆ ನೋವನ್ನು ತಗ್ಗಿಸುತ್ತದೆ, ಈ ತಿನ್ನುವುದನ್ನು ನಿಲ್ಲಿಸುವುದಿಲ್ಲ.

ನನ್ನ ಕೈಯ ಎಕ್ಸ್-ರೇಯಲ್ಲಿ ಬಲಗೈ ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಕಚ್ಚು ಕಾಣುತ್ತಿತ್ತು. ಬೆರಳಿಟ್ಟು ತೋರಿಸಿದರು. ಆ ವರ್ಷವೆಲ್ಲಾ ಹೂವಿನಷ್ಟು ಹಗುರಾಗಿದ್ದ ಕೈಯೊಳಗೆ ಇದು ನಡೆದಿತ್ತು.

‘ಹೊಲಿಗೆಯಿಂದ ಬಂತಾ?’ ಅಂತ ಕೇಳಿದೆ. ಅಲ್ಲ ಅಂದರು. ತಣ್ಣೀರಿನಿಂದಲೂ ಅಲ್ಲ, ಅವರೆಕಾಳಿನಿಂದಲೂ ಅಲ್ಲ. ವಂಶದಲ್ಲಿ ಬಂದ ಗುಣ ಸ್ವಲ್ಪ, ಬೀಡಿ ಸಿಗರೇಟಿನ ಹೊಗೆ, ವಸಡಿನ ಕಾಯಿಲೆ ಇಂಥವು ಸ್ವಲ್ಪ. ನೂರರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆ ಜನಕ್ಕೋ ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಜಾಸ್ತಿ. ಪಥ್ಯ ಅಂತ ಏನೂ ಬರೆಯಲಿಲ್ಲ. ಬದನೆಕಾಯಿ, ಆಲೂಗಡ್ಡೆ, ಹಿದುಕಿದ ಬೇಳೆ ಎಲ್ಲಾ ತಿನ್ನಿ ಅಂದರು. ಈ ಮಾತು ಕೇಳಿ ಗಂಡನಿಗೆ ನನಗಿಂತ ಖುಷಿ. ವಾಯು ಅಂತ ನಾನು ಇವನ್ನೆಲ್ಲಾ ಬಿಟ್ಟಿದ್ದರಿಂದ ಮನೆಯವರೆಲ್ಲಾ ಬಿಡಬೇಕಾಗಿತ್ತು.

ಅಮೃತಬಳ್ಳಿ ಕಷಾಯವನ್ನು ಮಾತ್ರ ನಿಲ್ಲಿಸಿದರು. ಅದರಿಂದ ಕೆಲವರ ಲಿವರ್ ಕೆಟ್ಟಿದೆ, ತಾವು ಕೊಡುವ ಮಾತ್ರೆಗೂ ಲಿವರ್ ಮೇಲೆ ಕಣ್ಣಿಡಬೇಕು, ಎರಡೂ ಒಟ್ಟಿಗೆ ಬೇಡ ಅಂದರು. ಅತ್ತೆಗೆ ಇದನ್ನು ಹೇಳುವ ಕೆಲಸ ಗಂಡನಿಗೆ ಬಿಟ್ಟೆ.

ಮುಖ್ಯ ಮಾತ್ರೆ ಮೆಥೊಟ್ರೆಕ್ಸೇಟ್. ಇದನ್ನು ವಾರಕ್ಕೆ ಒಂದೇ ದಿನ ತಗೋಬೇಕು. ಚೀಟಿಯಲ್ಲಿ ಕನ್ನಡದಲ್ಲಿ ದಪ್ಪಗೆ ‘ಶನಿವಾರ ಮಾತ್ರ’ ಅಂತ ಬರೆದರು. ಇಷ್ಟು ಒತ್ತಿ ಯಾಕೆ ಹೇಳುತ್ತಾರೆ ಅಂದುಕೊಂಡೆ. ಕಾರಣ ಬೇಗ ಗೊತ್ತಾಯಿತು. ಔಷಧಿ ಅಂಗಡಿಯ ಹುಡುಗ ಅಭ್ಯಾಸಬಲದಿಂದ ಕವರಿನ ಮೇಲೆ ‘ದಿನಾ ರಾತ್ರಿ 1’ ಅಂತ ಬರೆದುಕೊಟ್ಟ. ಚೀಟಿ ತೋರಿಸಿ ತಿದ್ದಿಸಿದೆವು. ದಿನಾ ತಗೊಂಡರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಸಾವೂ ಬರಬಹುದು. ಓದಲು ಬಾರದವರ ಕೈಗೆ ಆ ಕವರ್ ಸಿಕ್ಕಿದ್ದರೆ? ಈಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಶನಿವಾರಗಳಿಗೆಲ್ಲಾ ಕೆಂಪು ಪೆನ್ನಿನ ಗುರುತಿದೆ.

ಮಾತ್ರೆ ಕೊಡುವ ಮೊದಲು ಲಿವರ್, ಕಿಡ್ನಿ, ರಕ್ತಕಣ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ, ಎದೆಯ ಎಕ್ಸ್-ರೇ ಆಯಿತು. ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆಯಾ ಅಂತಲೂ ಕೇಳಿದರು. ಬಸಿರಿನಲ್ಲಿ ಈ ಮಾತ್ರೆ ಕೂಡದು, ಮಗುವಿಗೆ ತೊಂದರೆ. ಮಗು ಬೇಕು ಅನ್ನುವವರು ತಿಂಗಳುಗಳ ಮೊದಲೇ ಡಾಕ್ಟರಿಗೆ ಹೇಳಿ ಔಷಧಿ ಬದಲಾಯಿಸಿಕೊಳ್ಳಬೇಕು. ಕುಡಿತವೂ ಕೂಡದು. ಜೊತೆಗೆ ಬೇರೆ ದಿನ ಫೋಲಿಕ್ ಆಸಿಡ್ ಅನ್ನುವ ವಿಟಮಿನ್, ದಿನಾ ಊಟದ ಮೇಲೆ ಹೈಡ್ರಾಕ್ಸಿಕ್ಲೋರೋಕ್ವಿನ್. ಎರಡನೆಯದು ಮೊದಲು ಮಲೇರಿಯಾಕ್ಕೆಂದು ಬಂದ ಮಾತ್ರೆ, ವರ್ಷಾನುಗಟ್ಟಲೆ ತಗೊಂಡರೆ ಕಣ್ಣಿನ ಒಳಪರದೆ ನೋಡಿಸುತ್ತಿರಬೇಕು. ಅಳತೆ ಒಬ್ಬೊಬ್ಬರ ತೂಕ, ರಿಪೋರ್ಟು ನೋಡಿ ಬೇರೆ ಬೇರೆ ಇರುತ್ತದೆ. ಹಾಗಾಗಿ ನನ್ನದನ್ನು ಇಲ್ಲಿ ಬರೆಯುವುದಿಲ್ಲ.

ಮನೆಗೆ ಬಂದ ಎರಡನೇ ದಿನವೇ ಗಂಡನ ಸ್ನೇಹಿತರೊಬ್ಬರು ಮೊಬೈಲಿನಲ್ಲಿ ನೋಡಿ ‘ಇದು ಕ್ಯಾನ್ಸರ್ ಮಾತ್ರೆ ಕಣ್ರೀ’ ಅಂದರು. ಮನೆಯಲ್ಲಿ ಅವತ್ತು ಸಾವಿನ ಮನೆಯ ಮೌನ. ಡಾಕ್ಟರಿಗೆ ಫೋನ್ ಮಾಡಿದರೆ ನಕ್ಕರು. ಕ್ಯಾನ್ಸರಿಗೆ ಕೊಡುವ ಅಳತೆ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ಕೀಲಿಗೆ ಕೊಡುವುದು ತೀರ ಕಡಿಮೆ, 1980ರ ದಶಕದಿಂದ ಈ ಕಾಯಿಲೆಗೆ ಬಳಕೆಯಲ್ಲಿದೆ, ಈಗ ಜಗತ್ತಿನಲ್ಲೆಲ್ಲಾ ಮೊದಲ ಔಷಧಿ ಇದೇ ಅಂದರು.

ಮೊದಲ ವಾರಗಳು ಕಷ್ಟ. ಶನಿವಾರ ರಾತ್ರಿ ಮಾತ್ರೆ, ಭಾನುವಾರ ವಾಕರಿಕೆ. ನಮ್ಮ ಮನೆಯಲ್ಲಿ ಭಾನುವಾರ ಅಂದರೆ ಮಟನ್ ಸಾರು. ಒಗ್ಗರಣೆ ವಾಸನೆಗೇ ಹಿತ್ತಿಲಿಗೆ ಓಡುತ್ತಿದ್ದೆ. ಅದನ್ನು ಹೇಳಿದ ಮೇಲೆ, ಅದೇ ಶನಿವಾರದ ಮಾತ್ರೆಯನ್ನು ಬೆಳಿಗ್ಗೆ ಅರ್ಧ, ರಾತ್ರಿ ಅರ್ಧ ಅಂತ ಹಂಚಿಕೊಟ್ಟರು. ಹಗುರಾಯಿತು. ನೋವು ಮಾತ್ರ ಹಾಗೇ ಇತ್ತು. ಕ್ಲಿನಿಕ್ಕಿನ ಇಂಜೆಕ್ಷನ್ ಒಂದೇ ರಾತ್ರಿಯಲ್ಲಿ ಕೆಲಸ ಮಾಡುತ್ತಿತ್ತು, ಇದಕ್ಕೆ ಆರರಿಂದ ಹನ್ನೆರಡು ವಾರ ಕಾಯಬೇಕು ಅಂದರೆ ಯಾರಿಗೆ ನಂಬಿಕೆ ಬರುತ್ತದೆ? ನನ್ನ ಪ್ರಕಾರ ಬಹಳ ಜನ ಔಷಧಿ ಬಿಡುವುದು ಇಲ್ಲೇ. ಆ ಕಾಯುವ ವಾರಗಳನ್ನು ದಾಟಿಸಲಿಕ್ಕೇ ಡಾಕ್ಟರು ಸ್ಟೀರಾಯ್ಡನ್ನು ಸಣ್ಣ ಅಳತೆಯಲ್ಲಿ ಇಳಿಸುತ್ತಾ ಹೋಗಿದ್ದು.

ಒಂದು ದಿನ ಬ್ಲೌಸಿಗೆ ಹುಕ್ಸ್ ಹಾಕುತ್ತಾ ಕೂತಿದ್ದೆ. ಅರ್ಧ ಮುಗಿದ ಮೇಲೆ ಗೊತ್ತಾಯಿತು, ಇದನ್ನು ತಿಂಗಳುಗಳಿಂದ ನಾನು ಮುಟ್ಟಿಯೇ ಇರಲಿಲ್ಲ. ಮುಂದಿನ ರಿಪೋರ್ಟಿನಲ್ಲಿ ಇ.ಎಸ್.ಆರ್. ಇಳಿದಿತ್ತು.

ಔಷಧಿಯ ಜೊತೆಗೆ ಕೆಲಸದ ರೀತಿಯನ್ನೂ ಬದಲಾಯಿಸಿಕೊಂಡೆ. ಇದನ್ನು ಕಲಿಸಿದ್ದು ಫಿಸಿಯೋಥೆರಪಿಯವರು. ಕರಗಿದ ಬಿಸಿ ಮೇಣದಲ್ಲಿ ಕೈ ಅದ್ದಿಸಿ, ಆಮೇಲೆ ಬೆರಳಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಮನೆಯಲ್ಲಿ ಬೆಳಿಗ್ಗೆ ಬಿಸಿನೀರಿನ ಬೋಗುಣಿಯೇ ಸಾಕು. ಕೀಲು ಊದಿ ಬಿಸಿಯಾಗಿದ್ದರೆ ಮಾತ್ರ ತಣ್ಣನೆ ಬಟ್ಟೆ. ಹಿತ್ತಾಳೆ ಹಿಡಿಯ ದಪ್ಪ ಕತ್ತರಿ, ಅಮ್ಮನ ಕಾಲದ್ದು, ಅದನ್ನು ಎತ್ತಿಟ್ಟು ಹಗುರದ್ದು ತಗೊಂಡೆ. ಹಿಡಿಗೆ ಬಟ್ಟೆ ಸುತ್ತಿದೆ. ಕಟಿಂಗ್ ಎಲ್ಲಾ ಮಧ್ಯಾಹ್ನದ ಮೇಲೆ. ಕಾಲು ಮೆಷಿನ್ನಿಗೆ ಮೋಟಾರ್ ಹಾಕಿಸಿದೆ. ಒಂದೇ ಭಂಗಿಯಲ್ಲಿ ಜಾಸ್ತಿ ಹೊತ್ತು ಕೂರುವುದಿಲ್ಲ. ನೀರಿನ ಬಿಂದಿಗೆಯನ್ನು ಬೆರಳಲ್ಲಿ ನೇತುಹಾಕಿ ಎತ್ತುವುದಿಲ್ಲ, ಎರಡೂ ಅಂಗೈಯಲ್ಲಿ ಅಪ್ಪಿ ಎತ್ತುತ್ತೇನೆ. ಮುದ್ದೆ ತಿರುವುವುದು ಗಂಡನ ಪಾಲು. ಕಟ್ಟುವುದು ನನ್ನದೇ. ಬಿಸಿ ಮುದ್ದೆಯನ್ನು ಅಂಗೈಯಲ್ಲಿ ಆಡಿಸಿದರೆ ಬೆರಳಿಗೆ ಬಹಳ ಹಿತ. ಇದನ್ನು ಯಾವ ಡಾಕ್ಟರೂ ಬರೆದುಕೊಟ್ಟಿಲ್ಲ, ನಾನೇ ಕಂಡುಕೊಂಡಿದ್ದು.

ಜ್ವರ ಬಂದರೆ ಆ ವಾರದ ಮೆಥೊಟ್ರೆಕ್ಸೇಟ್ ತಗೊಳ್ಳದೆ ಮೊದಲು ಫೋನ್ ಮಾಡಬೇಕು. ಬೇರೆ ಯಾವ ಡಾಕ್ಟರ ಹತ್ತಿರ ಹೋದರೂ ಈ ಮಾತ್ರೆಯ ಹೆಸರು ಹೇಳಬೇಕು. ಸೆಪ್ಟ್ರಾನ್ ಥರದ ಕೆಲವು ಆಂಟಿಬಯಾಟಿಕ್ ಇದರ ಜೊತೆ ಸೇರಿದರೆ ಅಪಾಯ. ಮೊದಮೊದಲು ತಿಂಗಳಿಗೊಮ್ಮೆ ಇದ್ದ ರಕ್ತ ಪರೀಕ್ಷೆ ಈಗ ಮೂರು ತಿಂಗಳಿಗೊಮ್ಮೆ. ನಿಜ ಹೇಳಬೇಕೆಂದರೆ ಮಾತ್ರೆಗಿಂತ ಲ್ಯಾಬಿಗೇ ಖರ್ಚು ಜಾಸ್ತಿ.

ಮೈದುನನ ವಿಷಯ ಬಾಕಿ ಉಳಿಯಿತು. ಒಂದು ಬೀಗರೂಟ ಮುಗಿಸಿಕೊಂಡು ಬಂದ ರಾತ್ರಿ ಅವನ ಕಾಲಿನ ಹೆಬ್ಬೆರಳು ಕೆಂಪಗೆ ಊದಿ, ಹೊದಿಕೆ ತಾಗಿದರೂ ಕೂಗುತ್ತಿದ್ದ. ‘ಅತ್ತಿಗೆ, ನನ್ಗೂ ನಿಮ್ದೇ ಕಾಯ್ಲೆ ಅಂಟ್ಕೊಂತು’ ಅಂದ. ನನ್ನದು ಅಂಟುವುದಿಲ್ಲ. ಎರಡೂ ಕೈ ಹಿಡಿಯದೆ, ಒಂದೇ ಬೆರಳು, ಒಂದೇ ರಾತ್ರಿಯಲ್ಲಿ, ಮಾಂಸ ಮದ್ಯದ ಊಟದ ಮೇಲೆ ಬಂದಿದ್ದರಿಂದ ಗೌಟ್, ಅಂದರೆ ಯೂರಿಕ್ ಆಸಿಡ್ ಜಾಸ್ತಿಯಾಗಿ ಬರುವ ಕೀಲು ನೋವು ಇರಬೇಕು ಅಂತ ನನಗೇ ಅನ್ನಿಸಿತು. ಅವತ್ತಿನ ಯೂರಿಕ್ ಆಸಿಡ್ ನಾರ್ಮಲ್ ಬಂತು. ನೋವು ಜೋರಾಗಿರುವಾಗ ಅದು ನಾರ್ಮಲ್ ತೋರಿಸಬಹುದು, ಕೆಲವು ವಾರ ಬಿಟ್ಟು ಮತ್ತೆ ಮಾಡಿಸಿ ಅಂದರು ಡಾಕ್ಟರು. ಮತ್ತೆ ಮಾಡಿಸಿದಾಗ ಜಾಸ್ತಿ ಇತ್ತು. ಅವನಿಗೆ ಯೂರಿಕ್ ಆಸಿಡ್ ಇಳಿಸುವ ಮಾತ್ರೆ, ಬಿಯರ್ ಬಂದ್. ಪಥ್ಯ ಬೇಕಾಗಿದ್ದು ಅವನಿಗೆ. ಮಾಡಿದ್ದು ನಾನು.

ಅತ್ತೆಯ ಮಂಡಿಗೆ ನನ್ನ ಮಾತ್ರೆಯೂ ಇಲ್ಲ, ಅವನ ಮಾತ್ರೆಯೂ ಇಲ್ಲ. ಅವರಿಗೆ ತೊಡೆಯ ಸ್ನಾಯು ಗಟ್ಟಿ ಮಾಡುವುದೇ ಮುಖ್ಯ ಔಷಧಿ. ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುತ್ತಿದ ಟವಲ್ ಇಟ್ಟು, ಅದನ್ನು ಅಮುಕಿ ಸ್ವಲ್ಪ ಹೊತ್ತು ಹಿಡಿಯುವುದು, ಬಿಡುವುದು. ತೂಕ ಇಳಿಸಬೇಕು, ಕುಕ್ಕರುಗಾಲಿನಲ್ಲಿ ಕೂರಬಾರದು. ಈಳಿಗೆ ಮಣೆ ಬಿಟ್ಟು ಕಟ್ಟೆಯ ಮೇಲೆ ಚಾಕುವಿನಲ್ಲಿ ಹೆಚ್ಚಲು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಧಾರಾವಾಹಿ ನೋಡುವಾಗ ಟವಲ್ ವ್ಯಾಯಾಮ ಮಾಡುತ್ತಾರೆ, ಜಾಹೀರಾತು ಬಂದಾಗ ನಿಲ್ಲಿಸುತ್ತಾರೆ. ಉಲ್ಟಾ ಆಗಬೇಕಿತ್ತು, ಇರಲಿ.

ಈಗ ಅಂಗಡಿಗೆ ಬರುವವರು ಕೈ ನೋವು, ಮಂಡಿ ನೋವು ಅಂದರೆ ನಾನು ಮೊದಲು ಕೇಳುವುದು ಬೆಳಿಗ್ಗೆ ಜಾಸ್ತಿನಾ, ಸಂಜೆ ಜಾಸ್ತಿನಾ ಅಂತ. ಊದಿದೆಯಾ ನೋಡುತ್ತೇನೆ. ಆರು ವಾರ ದಾಟಿದ ಊತ, ಬೆಳಗಿನ ಬಿಗಿ ಇದ್ದರೆ ಡಾಕ್ಟರ ಹತ್ತಿರ ಕಾಯಿಲೆಯ ಹೆಸರು ಬರೆಸಿಕೊಂಡು ಬನ್ನಿ ಅನ್ನುತ್ತೇನೆ. ಇದಕ್ಕಿಂತ ಜಾಸ್ತಿ ಹೇಳುವುದು ನನ್ನ ಕೆಲಸವಲ್ಲ. ಕೆಲವರು ‘ಅಳತೆ ತಗೊಳ್ರೀ ಮೊದ್ಲು’ ಅನ್ನುತ್ತಾರೆ.

ನನ್ನ ಬಲ ಮಣಿಕಟ್ಟು ಪೂರ್ತಿ ಬಗ್ಗುವುದಿಲ್ಲ, ಇನ್ನು ಬಗ್ಗುವುದೂ ಇಲ್ಲವಂತೆ. ಉಳಿದ ಕೀಲುಗಳು ಚೆನ್ನಾಗಿವೆ. ಮಾತ್ರೆ ಯಾವಾಗ ಕಡಿಮೆ ಮಾಡುತ್ತೀರಿ ಅಂತ ಕಳೆದ ಸಲ ಕೇಳಿದೆ. ಹೀಗೇ ಇನ್ನಷ್ಟು ತಿಂಗಳು ತಣ್ಣಗಿರಲಿ, ಮಣಿಕಟ್ಟಿಗೆ ಒಂದು ಸ್ಕ್ಯಾನಿಂಗ್ ಮಾಡಿ ಒಳಗಿನ ಊತ ಹೋಗಿದೆಯಾ ನೋಡೋಣ, ಆಮೇಲೆ ಆ ಮಾತು ಅಂದರು. ಶ್ರಾವಣದ ಬ್ಲೌಸುಗಳು ಮುಗಿದ ಮೇಲೆ ಹೋಗಬೇಕು.